ಚಾಮುಂಡಿ ಬೆಟ್ಟದ ಬುಡದಲ್ಲಿ ಡರ್ಬಿ

ಕುದುರೆ ಓಟದಲ್ಲಿ ಡರ್ಬಿ ಎಂದರೆ ಎಳೆಯ ಕುದುರೆಗಳ ಅತಿ ದೊಡ್ಡ ಪರೀಕ್ಷೆ. ಹೆಸರು ಬಂದದ್ದು ಇಂಗ್ಲೆಂಡಿನ ಅರ್ಲ್ ಆಫ್ ಡರ್ಬಿಯಿಂದ; ಎಪ್ಸಮ್‌ನಲ್ಲಿ ಮೊದಲ ಓಟ ನಡೆದದ್ದು 1780ರಲ್ಲಿ. ಅಮೆರಿಕದ ಕೆಂಟಕಿ ಡರ್ಬಿಗೆ 1875ರಿಂದ ಒಂದು ವರ್ಷವೂ ಬಿಡುವಿಲ್ಲ. ಅಲ್ಲಿ ಗೆದ್ದ ಕುದುರೆಯ ಬೆನ್ನಿಗೆ ಕೆಂಪು ಗುಲಾಬಿಯ ಹೊದಿಕೆ.

ಕರ್ನಾಟಕದಲ್ಲಿ ಬೆಂಗಳೂರಿಗೂ ಮೈಸೂರಿಗೂ ತಮ್ಮದೇ ಡರ್ಬಿಗಳಿವೆ. 1891ರಲ್ಲಿ ಶುರುವಾದ ಮೈಸೂರು ರೇಸ್ ಕ್ಲಬ್ಬಿನ ಮೈದಾನಕ್ಕೆ ಚಾಮುಂಡಿ ಬೆಟ್ಟವೇ ಹಿನ್ನೆಲೆ. ಇಷ್ಟು ಚೆಂದದ ರೇಸ್ ಕೋರ್ಸ್ ದೇಶದಲ್ಲಿ ಅಪರೂಪ. ಕೆಂಟಕಿಯಲ್ಲಿ ಓಟ ಮಣ್ಣಿನ ಮೇಲೆ. ಇಲ್ಲಿ ಹಸಿರು ಹುಲ್ಲಿನ ಮೇಲೆ.

ಓಟಕ್ಕೆ ಮುಂಚೆ ಜಾಕಿ ಜೀನು ಕೈಯಲ್ಲಿ ಹಿಡಿದೇ ತಕ್ಕಡಿ ಏರುತ್ತಾನೆ. ತೂಕ ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬಿಗೆ ಸೀಸದ ತುಂಡುಗಳು ಸೇರುತ್ತವೆ. ಓಟ ಮುಗಿದ ಮೇಲೂ, ಬೆವರು ಆರುವ ಮೊದಲೇ, ಮತ್ತೆ ಅದೇ ತಕ್ಕಡಿ. ಲೆಕ್ಕ ತಪ್ಪಿದರೆ ಗೆಲುವೂ ಕೈತಪ್ಪಬಹುದು.

ಕುದುರೆ ಸಾಕಣೆಯಲ್ಲೂ ಈ ನಾಡಿಗೆ ಹಳೆಯ ಹೆಸರಿದೆ. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂನ ಬೇರು ಟಿಪ್ಪು ಸುಲ್ತಾನನ ಅಶ್ವದಳದಲ್ಲಿದೆ. ಯುದ್ಧಕ್ಕೆ ಕುದುರೆ ಬೆಳೆಸಿದ ಆ ನೆಲದಲ್ಲೇ ಮುಂದೆ ಡರ್ಬಿ ಗೆಲ್ಲುವ ಮರಿಗಳು ಹುಟ್ಟಿದವು.