ತೇರೆಳೆಯುವ ತೋಳಿಗೆ ಆಮ್ಲಜನಕ ತಲುಪುವ ದಾರಿ

ಹೋಳಿ ಹುಣ್ಣಿಮೆ ಮುಗಿದ ಮೇಲೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ತೇರು ಎಳೆಯುತ್ತಾರೆ. ಹಗ್ಗ ಹಿಡಿದವರ ಎದೆ ಏರಿಳಿಯುತ್ತದೆ, ಉಸಿರು ಬಿರುಸಾಗುತ್ತದೆ. ಎಳೆದುಕೊಂಡ ಗಾಳಿ ಹೋಗುವುದು ಶ್ವಾಸಕೋಶಕ್ಕೆ. ದುಡಿಯುವುದು ತೋಳು, ತೊಡೆ, ಮೀನಖಂಡ. ಗಾಳಿಯೊಳಗಿನ ಆಮ್ಲಜನಕ ಅಲ್ಲಿಗೆ ಹೋಗುವುದು ಹೇಗೆ?

ಒಯ್ಯುವುದು ರಕ್ತ. ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಉತ್ತರ ಪೂರ್ತಿಯಾಗಲು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಯಕೃತ್ತು ದಿನವೂ ಹೊಸ ರಕ್ತ ಮಾಡುತ್ತದೆ, ದೇಹ ಅದನ್ನು ಖರ್ಚು ಮಾಡಿಬಿಡುತ್ತದೆ ಎಂದು ಯುರೋಪಿನ ವೈದ್ಯರು ನಂಬಿದ್ದರು. ಇಂಗ್ಲೆಂಡಿನ ವಿಲಿಯಂ ಹಾರ್ವೆ ಲೆಕ್ಕ ಹಾಕಿ ನೋಡಿದ. ಹೃದಯ ಅರ್ಧ ಗಂಟೆಯಲ್ಲಿ ಹೊರದೂಡುವ ರಕ್ತ, ಮೈಯಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚಾಯಿತು! ಅಂದಮೇಲೆ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಬೇಕು ಎಂದು 1628ರಲ್ಲಿ ಬರೆದ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಸಂದು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಎರಡನ್ನೂ ಜೋಡಿಸುವ, ಕೂದಲಿಗಿಂತ ತೆಳುವಾದ ಲೋಮನಾಳಗಳು ಕಂಡವು.

ಆಮ್ಲಜನಕವನ್ನು ಹೊರುವ ವಸ್ತುವಿಗೆ 1864ರಲ್ಲಿ ಜರ್ಮನಿಯ ಹೋಪೆ-ಸೈಲರ್ ಹಿಮೋಗ್ಲೋಬಿನ್ ಎಂದು ಹೆಸರಿಟ್ಟ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಪ್ರತಿ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು. ಒಂದೊಂದೂ ಒಂದು ಆಮ್ಲಜನಕದ ಅಣುವನ್ನು ಹಿಡಿದುಕೊಳ್ಳುತ್ತದೆ.

ಹಿಡಿದದ್ದನ್ನು ಬಿಡುವುದು ಎಲ್ಲಿ? 1904ರಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯಾನ್ ಬೋರ್ ಮತ್ತು ಸಂಗಡಿಗರು ಇದನ್ನು ಬಿಡಿಸಿದರು. ದುಡಿಯುವ ಸ್ನಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗುತ್ತದೆ. ಅದು ತಾಗಿದ ಕಡೆ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲವಾಗುತ್ತದೆ. ಮಹಾದಾಸೋಹಿ ಶರಣಬಸವೇಶ್ವರರ ದಾಸೋಹದಲ್ಲಿ ಹೆಚ್ಚು ಹಸಿದವರ ಎಲೆಗೆ ಹೆಚ್ಚು ಬಡಿಸಿದಂತೆ, ಹೆಚ್ಚು ದುಡಿದ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ. ಹಿಮೋಗ್ಲೋಬಿನ್ ಅಣುವಿನ ರಚನೆಯನ್ನೇ ಬಯಲಿಗೆ ತಂದವರು ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್. ಎರಡು ದಶಕ ದಾಟಿದ ಆ ದುಡಿಮೆಗೆ 1962ರಲ್ಲಿ ನೊಬೆಲ್ ಬಂತು.

ಕಬ್ಬಿಣ ಸಾಲದಿದ್ದರೆ ಹಿಮೋಗ್ಲೋಬಿನ್ ಕಡಿಮೆಯಾಗುತ್ತದೆ; ಇದೇ ರಕ್ತಹೀನತೆ. ಆಗ ಮಕ್ಕಳಿಗೆ ಬೇಗ ಸುಸ್ತು, ಓದಿನಲ್ಲಿ ಮನಸ್ಸು ನಿಲ್ಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಇದು ಸುಮ್ಮನಿರುವ ಸಂಗತಿಯಲ್ಲ.

ಕಬ್ಬಿಣವಿರುವ ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯ, ತೊಗರಿ ಬ್ಯಾಳಿ ಕಲಬುರಗಿಯ ಮನೆಗಳಿಗೆ ಹೊಸತಲ್ಲ. ಅದರ ಮೇಲೆ ಲಿಂಬೆ ಹಿಂಡಿ, ಮಕ್ಕಳೇ: ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆ ಚಹಾ ಬೇಡ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ತಪ್ಪದೆ ನುಂಗಿ.