ಪುಸ್ತಕದ ಬದನೆಕಾಯಿಯೂ ಹೊಲದ ಗಂಧದ ಮರವೂ

ನಮ್ಮ ಕಾಲೇಜಿನಲ್ಲಿ ಅವೆನ್ಯೂ ರಸ್ತೆಯನ್ನು ಅರಿಯದವರಾರು? ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಚಾಚಿರುವ ಈ ಹಳೆಯ ದೊಡ್ಡಪೇಟೆಯಲ್ಲಿ ಅರ್ಧ ಬೆಲೆಗೆ ಪುಸ್ತಕ ಕೊಳ್ಳದೆ ಪದವಿ ಪಡೆದವರು ವಿರಳ. ಕಳೆದ ವರ್ಷ ನಾನೂ ಅಲ್ಲಿ, ಪರೀಕ್ಷೆಗೆ ಸಂಬಂಧವೇ ಇಲ್ಲದ ಒಂದು ಹಳೆಯ ಪುಸ್ತಕವನ್ನು ಕೊಂಡೆ. ಅದು ಮರ ಬೆಳೆಸುವುದನ್ನು ಕುರಿತದ್ದು. ಕೊಳ್ಳಲು ಕಾರಣವಿತ್ತು.

ಮಾಗಡಿ ಕಡೆಯ ನಮ್ಮ ಹೊಲದಲ್ಲಿ ನಮ್ಮ ತಂದೆಯವರು ಸಾಲ ಮಾಡಿ ಮುನ್ನೂರು ಶ್ರೀಗಂಧದ ಸಸಿ ನೆಡಿಸಿದ್ದರು. ಎರಡನೆಯ ಬೇಸಿಗೆ ಕಳೆಯುವ ವೇಳೆಗೆ ಉಳಿದವು ನಲವತ್ತು. ಸಸಿ ಮಾರಿದವರು "ನೀರು ಹಾಯಿಸಿದರೆ ಸಾಕು" ಎಂದಿದ್ದರು. ನೋಡಲು ಬಂದ ಅಧಿಕಾರಿಯೊಬ್ಬರು "ಗೊಬ್ಬರ ಹಾಕಿ, ಸುತ್ತಲಿನ ಗಿಡಗಂಟಿ ಕೀಳಿಸಿ" ಎಂದರು. ಹಾಗೆಯೇ ಮಾಡಿದೆವು. ಉಳಿದವೂ ಹಳದಿಗೆ ತಿರುಗಿದವು.

ನಮ್ಮ ತಪ್ಪೇನೆಂಬುದು ಆ ಪುಸ್ತಕದಲ್ಲಿತ್ತು. ಗಂಧದ ಮರ ಅರೆ ಪರಾವಲಂಬಿ. ಎಲೆಯಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಿಜ. ಆದರೆ ನೀರನ್ನೂ ಸಾರಜನಕ ಮೊದಲಾದ ಪೋಷಕಾಂಶಗಳನ್ನೂ ಸಾಕಷ್ಟು ಪಡೆಯಲು ಅದರ ಬೇರು ನೆರೆಯ ಗಿಡದ ಬೇರಿಗೆ ಅಂಟಿಕೊಂಡು ಹೀರಬೇಕು. ನೆರೆಯಿಲ್ಲದ ಗಂಧ ಬಹುಕಾಲ ಬಾಳದು. ನಾವು ಕಳೆಯೆಂದು ಕಿತ್ತೆಸೆದದ್ದು ಸಸಿಗಳ ಆಧಾರವನ್ನೇ!

ಬೆಳೆಯನ್ನೂ ಮರವನ್ನೂ ಒಂದೇ ನೆಲದಲ್ಲಿ, ಒಂದಕ್ಕೊಂದು ನೆರವಾಗುವಂತೆ ಬೆಳೆಸುವ ಪದ್ಧತಿಗೆ ಕೃಷಿ ಅರಣ್ಯವೆಂದು ಹೆಸರು. ಹೆಸರು ಹೊಸತು, ಸಂಗತಿ ಹಳೆಯದು. ರಾಗಿ ಹೊಲದ ಬದುವಿನ ಹೊಂಗೆ, ಹುಣಸೆ, ಜಾಲಿಗಳೂ ಕೊಡಗಿನ ಕಾಫಿಗೆ ನೆರಳಾದ ಮರಗಳೂ ಇದರ ನಿದರ್ಶನಗಳೇ. 1983ರಲ್ಲಿ ಈ ಬಗ್ಗೆ ಅಖಿಲ ಭಾರತ ಮಟ್ಟದ ಸಂಶೋಧನಾ ಯೋಜನೆಯೊಂದು ಆರಂಭವಾಯಿತು. 2014ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನೇ ರೂಪಿಸಿತು.

ನೀತಿ ಬಂದರಾಯಿತೆ? ಹೊಲಕ್ಕೆ ಹೋಗಿ ಸಲಹೆ ಕೊಡುವವರಿಗೆ ಅದು ಕೈವಶವಾಗಬೇಡವೆ? ಇದಕ್ಕಾಗಿಯೇ ಪ್ರಾಯೋಗಿಕ ತರಬೇತಿಗಳಿವೆ. ನಮ್ಮ ಊರಿನಲ್ಲಿಯೇ, ಮಲ್ಲೇಶ್ವರದ 18ನೆಯ ಅಡ್ಡರಸ್ತೆಯಲ್ಲಿ, ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯವಾಗಿ ಹುಟ್ಟಿ, 1988ರಲ್ಲಿ ಈಗಿನ ರೂಪ ತಳೆದ ಈ ಸಂಸ್ಥೆ ಶ್ರೀಗಂಧದ ಕೃಷಿಯಲ್ಲಿ ರೈತರಿಗೂ ಇತರರಿಗೂ ತರಬೇತಿ ನೀಡುತ್ತ ಬಂದಿದೆ.

ನಮ್ಮ ತಂದೆಯವರು ಬಳಿಕ ಇಂತಹುದೇ ಒಂದು ತರಬೇತಿಗೆ ಹೋಗಿ ಬಂದರು. ಪಕ್ಕದಲ್ಲಿ ಕುಳಿತು ಚೀಲಕ್ಕೆ ಮಣ್ಣು ತುಂಬುತ್ತಿದ್ದವರಲ್ಲಿ ಒಬ್ಬರು ಅರಣ್ಯ ರಕ್ಷಕರು, ಇನ್ನೊಬ್ಬರು ಬ್ಯಾಂಕಿನಲ್ಲಿ ಕೃಷಿಸಾಲ ಕೊಡುವವರಂತೆ. ಕಲಿತ ಕ್ರಮ ಹೀಗೆ: ಬೀಜವನ್ನು ಜಿಬ್ಬರೆಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ, ಮರಳಿನ ಮಡಿಯಲ್ಲಿ ಬಿತ್ತಬೇಕು. ಮೊಳೆತು ನಾಲ್ಕಾರು ಎಲೆ ಬಿಟ್ಟ ಸಸಿಯನ್ನು ಬೇರು ಮುರಿಯದಂತೆ ಎತ್ತಿ ಚೀಲಕ್ಕೆ ಹಾಕಬೇಕು. ಅದೇ ಚೀಲದಲ್ಲಿ ತೊಗರಿಯ ಕಾಳನ್ನೂ ಊರಬೇಕು. ತೊಗರಿ ಗಂಧವನ್ನು ಮೀರಿ ಬೆಳೆದರೆ ಅದರ ತುದಿಯನ್ನು ಆಗಾಗ ಸವರಬೇಕು. ಹೊಲಕ್ಕೆ ನೆಟ್ಟ ಮೇಲೆ, ತೊಗರಿಯ ಬಾಳು ಅಲ್ಪವಾದುದರಿಂದ, ಹೊಂಗೆ, ಸರ್ವೆ, ನೆಲ್ಲಿಯಂತಹ ಬಹುಕಾಲದ ನೆರೆಯನ್ನು ಒದಗಿಸಬೇಕು. ಆ ನೆರೆಯೂ ದಟ್ಟವಾಗಿ ಕವಿಯದಂತೆ ಕೊಂಬೆ ಕತ್ತರಿಸುತ್ತಿರಬೇಕು.

ಇವೆಲ್ಲವೂ ಓದಿ ತಿಳಿಯಬಹುದಾದ ಮಾತುಗಳೇ. ಆದರೆ ತೊಗರಿಯನ್ನು ಎಷ್ಟು ಸವರಬೇಕು? ಹೆಚ್ಚಾದರೆ ಅದೇ ಸಾಯುತ್ತದೆ, ಕಡಿಮೆಯಾದರೆ ಗಂಧ ಸೊರಗುತ್ತದೆ. ಅದರ ಅಳತೆ ಕತ್ತರಿ ಹಿಡಿದ ಕೈಗೇ ಗೊತ್ತಾಗಬೇಕು. ಬೇರನ್ನು ತೊಳೆದು, ಗಂಧದ ಬೇರು ತೊಗರಿಯ ಬೇರನ್ನು ಕಚ್ಚಿಕೊಂಡಿರುವ ಸಣ್ಣ ಗಂಟನ್ನು ಒಮ್ಮೆ ಕಣ್ಣಾರೆ ಕಂಡವರು "ಸುತ್ತಲಿನದನ್ನೆಲ್ಲ ಕೀಳಿಸಿ" ಎಂದು ಎಂದಿಗೂ ಹೇಳಲಾರರು.

ಮತ್ತೊಂದು ಕಾರಣವೂ ಉಂಟು. ರಾಗಿಯಲ್ಲಿ ಈ ವರ್ಷದ ತಪ್ಪನ್ನು ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಗಂಧದ ಮರದಲ್ಲಿ ಸುವಾಸನೆಯ ಒಳತಿರುಳಾದ ಚೇಗು ಕಟ್ಟತೊಡಗಲು ಸುಮಾರು ಹತ್ತು ವರ್ಷ ಬೇಕು. ಒಳ್ಳೆಯ ಫಲಕ್ಕೆ ಇನ್ನೂ ಹೆಚ್ಚು. ತಪ್ಪು ಸಲಹೆಗೆ ತೆರುವ ದಂಡ ಹಣವಷ್ಟೇ ಅಲ್ಲ, ಆಯುಸ್ಸು. ಹಿಂದೆ ಗಂಧ ಎಲ್ಲಿ ಬೆಳೆದರೂ ಸರ್ಕಾರದ ಸೊತ್ತಾಗಿತ್ತು. 2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಹೊಲದ ಒಡೆಯನೇ ಮರದ ಒಡೆಯನಾದ. ಅಂದಿನಿಂದ ಆಸೆಯೂ ಅವನದು, ನಷ್ಟವೂ ಅವನದು.

"ಕಲಾ ವಿಭಾಗದವರಿಗೆ ಈ ಮಣ್ಣಿನ ಮಾತೇಕೆ?" ಎಂದು ಮಿತ್ರರು ಕೇಳಬಹುದು. ನಾಳೆ ತಹಸೀಲ್ದಾರರೂ ಗ್ರಾಮ ಆಡಳಿತ ಅಧಿಕಾರಿಗಳೂ ಬ್ಯಾಂಕ್ ಅಧಿಕಾರಿಗಳೂ ಆಗುವವರು ನಮ್ಮಲ್ಲಿಯೇ ಇದ್ದಾರೆ. ರೈತನ ಅರ್ಜಿಯ ಮೇಲೆ ರುಜು ಹಾಕುವ ಕೈ ಒಂದು ದಿನವಾದರೂ ಸಸಿಮಡಿಯ ಮಣ್ಣನ್ನು ಮುಟ್ಟಿರಲಿ ಎಂಬುದಷ್ಟೇ ನನ್ನ ಬಿನ್ನಹ.

ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದು ಎನ್ನುತ್ತಾರೆ. ಅವೆನ್ಯೂ ರಸ್ತೆಯ ಪುಸ್ತಕವನ್ನು ನಾನು ಹಳಿಯಲಾರೆ. ನಮ್ಮ ತಪ್ಪನ್ನು ತೋರಿಸಿದ್ದು ಅದೇ. ತಿದ್ದುವ ಕೆಲಸ ಮಾತ್ರ ಕೈಯಿಂದಲೇ ಆಗಬೇಕಾಯಿತು. ಬದುಕಿದ್ದ ಸಸಿಗಳ ಬುಡದ ಬಳಿ ತೊಗರಿ ಬಿತ್ತಿದೆವು, ನಡುವೆ ಹೊಂಗೆ ಇಟ್ಟೆವು. ನಲವತ್ತರಲ್ಲಿ ಮೂವತ್ತೊಂದು ಚಿಗುರಿವೆ. ಅವು ಚೇಗು ಕಟ್ಟಿ ಬಲಿಯುವ ವೇಳೆಗೆ ನನಗೆ ಮೂವತ್ತೈದು ದಾಟಿರುತ್ತದೆ.