ಮೀನಿನ ತೊಟ್ಟಿಯ ಕೊಳವೆ ಕಸ ಎಳೆಯದಿದ್ದರೆ

ಬನಶಂಕರಿಯಲ್ಲಿರುವ ನಮ್ಮ ಭಾವನವರ ಮನೆಯಲ್ಲಿ ಎರಡಡಿ ಉದ್ದದ ಗಾಜಿನ ಮೀನಿನ ತೊಟ್ಟಿ ಇದೆ. ತಳದ ಕಸ ತೆಗೆಯಲು ಅಗಲ ಬಾಯಿಯ ಪ್ಲಾಸ್ಟಿಕ್ ಕೊಳವೆಯೊಂದನ್ನು ತಂದಿದ್ದರು. ಬರಬರುತ್ತಾ ಅದರ ಎಳೆತ ಕುಗ್ಗಿತು. ಹಿಕ್ಕೆ, ಉಳಿದ ಆಹಾರ ತಳದಲ್ಲೇ ಕೊಳೆತು ಅಮೋನಿಯಾ ಹೆಚ್ಚಿ, ಒಂದೇ ವಾರದಲ್ಲಿ ನಾಲ್ಕು ಗೋಲ್ಡ್ ಫಿಷ್ ಸತ್ತವು. "ಈ ಕೊಳವೆ ಕೆಟ್ಟಿದೆ, ಹೊಸದು ತರ್ತೀನಿ" ಎಂದು ಭಾವ ಹೊರಟಿದ್ದರು. ಮೋಟಾರೇ ಇಲ್ಲದ ಕೊಳವೆಯಲ್ಲಿ ಕೆಡುವುದಾದರೂ ಏನು?

ತೋಟದ ಸಿಮೆಂಟ್ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ರೈತರಿಗೂ ಈ ತೊಂದರೆ ಬರುತ್ತದೆ. ತೆರೆದ ಬಾವಿ ಅಥವಾ ಕೃಷಿಹೊಂಡದ ದಡದಲ್ಲಿ ಪಂಪು ಇಟ್ಟವರಿಗೂ ಇದರ ಒಂದು ಕಾರಣ ಅನ್ವಯಿಸುತ್ತದೆ.

ಮೊದಲು ನೋಡಬೇಕಾದದ್ದು ಇಳಿತ. ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೊಳವೆಯ ಹೊರತುದಿ ಎಷ್ಟು ಕೆಳಗಿದೆಯೋ ಅದೇ ಇದರ ಮೋಟಾರು. ಭಾವನವರು ಸೊಂಟ ನೋವೆಂದು ಬಕೆಟ್ಟನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಇಳಿತ ಒಂದಡಿಯೂ ಇರಲಿಲ್ಲ. ತುದಿಯನ್ನು ಮೋರಿಗೆ ಬಿಟ್ಟಾಗ ನಾಲ್ಕಡಿ ಸಿಕ್ಕಿತು. ಇಳಿತ ನಾಲ್ಕು ಪಟ್ಟಾದರೆ ವೇಗ ನಾಲ್ಕು ಪಟ್ಟಾಗುವುದಿಲ್ಲ, ಸುಮಾರು ಇಮ್ಮಡಿಯಾಗುತ್ತದೆ. ಕಸ ಏಳಲು ಅಷ್ಟು ಸಾಕು. ಹೊರತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ಬಕೆಟ್ಟಿನ ನೀರಿನ ಮಟ್ಟದಿಂದಲೇ ಲೆಕ್ಕ. ಬಕೆಟ್ ತುಂಬಿದಂತೆ ಎಳೆತ ಕುಗ್ಗುವುದು ಇದರಿಂದಲೇ.

ಆದರೂ ನೀರಿನ ಜೊತೆ ಗುಳ್ಳೆಗಳು ಬರುತ್ತಿದ್ದವು. ಅಗಲ ಬಾಯಿಗೂ ಸಣ್ಣ ಕೊಳವೆಗೂ ಇರುವ ಜೋಡಣೆ ಸಡಿಲವಾಗಿತ್ತು. ಹೊರಗೆ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ನೀರಿನ ಮಟ್ಟಕ್ಕಿಂತ ಮೇಲೆ ಹೋಗುವ ಕೊಳವೆಯ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ತೂತಿದ್ದರೆ ನೀರು ಹೊರಬರುವುದಿಲ್ಲ, ಗಾಳಿ ಒಳನುಗ್ಗುತ್ತದೆ. ಪತ್ತೆ ಮಾಡುವ ಉಪಾಯ ಸೈಕಲ್ ಶಾಪಿನವರದು: ತೊಳೆದ ಕೊಳವೆಯ ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹೊಡೆಯಿರಿ. ಗುಳ್ಳೆ ಎದ್ದ ಕಡೆ ಹಳೆಯ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದರೆ ಕೆಲಸ ಮುಗಿಯಿತು.

ದಡದ ಪಂಪಿನ ಹೀರುಕೊಳವೆಯಲ್ಲೂ ಇದೇ ಆಗುತ್ತದೆ. ಮೋಟಾರು ಸುತ್ತುತ್ತದೆ, ನೀರು ಸಣ್ಣದಾಗಿ ಬರುತ್ತದೆ. ಆಗ ಪಂಪು ನಿಲ್ಲಿಸಿ ಕೊಳವೆಗೆ ನೀರು ತುಂಬಿ ಕಾಯಿರಿ. ಜಾಯಿಂಟಿನಲ್ಲಿ ಹನಿ ಕಂಡರೆ ಅಲ್ಲಿ ತೂತು. ಹನಿಯಿಲ್ಲದೆ ನೀರು ಇಳಿದುಹೋದರೆ ಫುಟ್ ವಾಲ್ವ್ ನೋಡಿ. ಇನ್ನೊಂದು ಮಾತು: ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ನೀರನ್ನು ಹೆಚ್ಚೆಂದರೆ 30 ಅಡಿ ಏರಿಸಬಲ್ಲದು. ಪಂಪನ್ನು ನೀರಿನಿಂದ 20 ಅಡಿಯೊಳಗೆ ಇಡುವುದೇ ಲೇಸು. ಬೋರ್‌ವೆಲ್ಲಿನ ಮುಳುಗು ಪಂಪಿಗೆ ಈ ಲೆಕ್ಕವಿಲ್ಲ.

ಕೊಳವೆ ಮಡಚಿದ್ದರೂ, ಒಳಗೆ ಪಾಚಿ ಕಟ್ಟಿದ್ದರೂ ಎಳೆತ ಕುಗ್ಗುತ್ತದೆ. ಇದು ಎಲ್ಲರಿಗೂ ಗೊತ್ತು. ಬಾಯಿಯಿಂದ ಎಳೆದು ಶುರು ಮಾಡುವ ಅಭ್ಯಾಸ ಮಾತ್ರ ಬೇಡ, ತೊಟ್ಟಿಯ ನೀರಿನಲ್ಲಿ ರೋಗಾಣುಗಳಿರುತ್ತವೆ. ಕೊಳವೆಯನ್ನು ಪೂರ್ತಿ ಮುಳುಗಿಸಿ ನೀರು ತುಂಬಿಸಿ, ತುದಿಗೆ ಹೆಬ್ಬೆರಳು ಒತ್ತಿ ಹೊರತೆಗೆದು ಕೆಳಗೆ ಬಿಟ್ಟರಾಯಿತು.

ಪೇಟೆಯಲ್ಲಿ ನಲ್ಲಿಗೆ ಸಿಕ್ಕಿಸಿ ಎಳೆಯುವ ಮಾದರಿಯೂ ಸಿಗುತ್ತದೆ. ಅದು ನಡೆಯುವುದು ನಲ್ಲಿಯ ರಭಸದಿಂದ. ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ತಾರಸಿಯ ಟ್ಯಾಂಕಿನಿಂದ ಹತ್ತಡಿ ಇಳಿದು ಬರುವ ನೀರಿಗೆ ಅಷ್ಟು ರಭಸ ಎಲ್ಲಿಯದು? ಜೊತೆಗೆ, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿ ನೀರು ಮೋರಿ ಪಾಲಾಗುತ್ತದೆ. ನನ್ನ ಮಟ್ಟಿಗೆ ಸಾದಾ ಕೊಳವೆಯೇ ಮೇಲು.

ಒಂದು ಸಲಕ್ಕೆ ತೊಟ್ಟಿಯ ಕಾಲು ಭಾಗಕ್ಕಿಂತ ಹೆಚ್ಚು ನೀರು ತೆಗೆಯಬಾರದು. ಕ್ಲೋರಿನ್ ಇರುವ ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಹಾಕಬೇಕು. ತೆಗೆದ ನೀರಿನಲ್ಲಿ ಸಾರಜನಕವಿದೆ. ಭಾವನವರ ಮನೆಯಲ್ಲಿ ಈಗ ಅದು ಹಿತ್ತಲಿನ ಕರಿಬೇವಿನ ಗಿಡಕ್ಕೆ ಹೋಗುತ್ತಿದೆ.